ರಟ್ಟಿನ ಮೇಲಿನ ಪಾದ

ಈ ಸಂಕ್ರಾಂತಿಗೆ ಎಳ್ಳು ಹುರಿಯುತ್ತಿದ್ದೆ. ಸೋಫಾ ಮೇಲೆ ಬಿದ್ದುಕೊಂಡಿದ್ದ ಮಗಳು ಅನ್ವಿ ಮೂಗು ಮೇಲೆತ್ತಿ, "ಅಮ್ಮಾ, ಇಟ್ ಸ್ಮೆಲ್ಸ್ ಲೈಕ್ ಯೆಸ್ಸೀಸ್ ಹೌಸ್," ಎಂದಳು. ಅವಳಿಗೀಗ ಏಳು ವರ್ಷ. ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು. ಆ ಮನೆ ಬಿಟ್ಟು ಬಂದಾಗ ಅವಳಿಗೆ ನಾಲ್ಕಷ್ಟೇ. ಯೆಸ್ಸಿ ಯಾರು ಹೇಳು ನೋಡೋಣ ಎಂದೆ. ಭುಜ ಹಾರಿಸಿದಳು. ಮುಖ ಮರೆತುಹೋಗಿದೆ, ವಾಸನೆ ಉಳಿದಿದೆ. ನನ್ನ ಕೈಯ ಸೌಟು ನಿಂತಿತು, ಎಳ್ಳು ಸೀದಿತು, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಡಬ್ಲಿನ್ನಿನ ಈ ಹೊಸ ಮನೆಯ ಸ್ಮೋಕ್ ಅಲಾರಮ್ಮು ಬೊಬ್ಬೆ ಹಾಕಿತು.

ಮುಂದಿನ ಶನಿವಾರ ಒಣಮೆಣಸಿನಕಾಯಿ ತರುತ್ತೇನೆಂದು ಹೇಳಿ ಕಾರು ತೆಗೆದೆ. "ಇಲ್ಲೇ ಇಂಡಿಯನ್ ಗ್ರೋಸರಿ ಇದೆಯಲ್ಲ, ಮೆಣಸಿನಕಾಯಿಗೆ ಓಕ್ಲ್ಯಾಂಡಿಗೆ ಯಾಕೆ ಹೋಗ್ತೀಯ?" ಎಂದ ನನ್ನ ಗಂಡ ಮಧು. ಆಮೇಲೆ ನನ್ನ ಮುಖ ನೋಡಿ, "ಸರಿ, ಹೋಗ್ಬಾ," ಎಂದ. ಅಷ್ಟು ಸೂಕ್ಷ್ಮ ಅವನಿಗಿದೆ.

ಫ್ರೂಟ್‌ವೇಲಿನ ನಮ್ಮ ಹಳೇ ಬೀದಿ ಹಾಗೇ ಇತ್ತು, ನಾವಿದ್ದ ಕಟ್ಟಡ ಮಾತ್ರ ಗುರುತು ಸಿಗಲಿಲ್ಲ. ಪುದೀನ ಹಸಿರಿನ ಗೋಡೆಗೆ ಬೂದಿ ಬಣ್ಣ ಬಳಿದಿದ್ದರು. ಬೇಲಿಯ ಪಾಪಸುಕಳ್ಳಿ ಕಿತ್ತು ಜಲ್ಲಿ ಹರಡಿದ್ದರು. ಮೇಲಿನ ಮಹಡಿಯಲ್ಲಿ ಯೆಸ್ಸಿಯ ಅಮ್ಮ ಲೂಪೆ ಬಟ್ಟೆ ಒಣಹಾಕುತ್ತಿದ್ದ ಕಂಬಿಗೆ ಯಾರದೋ ದುಬಾರಿ ಸೈಕಲ್ಲು ಬಿಗಿದಿತ್ತು. ಕಾರಿನಲ್ಲೇ ಕೂತು ಯೆಸ್ಸಿಯ ನಂಬರಿಗೆ ಫೋನು ಮಾಡಿದೆ. ಆ ನಂಬರು ಕೆಲಸ ಮಾಡುತ್ತಿಲ್ಲವೆಂದು ವರ್ಷದಿಂದ ಗೊತ್ತಿದ್ದೂ ಮಾಡಿದೆ. ಅವಳಿಗೀಗ ಹದಿನೆಂಟು ದಾಟಿದೆ. ಎಲ್ಲಿದ್ದಾಳೋ, ಏನು ಓದುತ್ತಿದ್ದಾಳೋ, ಯಾರ ಮನೆಯ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕಾಲು ಮಡಚಿ ಕೂತು ಮಾತಾಡುತ್ತಾಳೋ. ಒಂದು ಸಲ ನೋಡಬೇಕು ಅನ್ನಿಸಿತು.

ನಾನು ಅವಳ ಪಕ್ಕದ ಮನೆಯಲ್ಲಿದ್ದದ್ದು ಒಂದೇ ವರ್ಷ. ಅಲ್ಲಿಗೆ ಇಷ್ಟಪಟ್ಟು ಹೋದವರಲ್ಲ ನಾವು. ಮಧುವಿನ ಕಂಪನಿ ಒಂದು ಬೆಳಿಗ್ಗೆ ಈಮೇಲು ಕಳಿಸಿ ಅರ್ಧ ಜನರನ್ನು ಮನೆಗೆ ಕಳಿಸಿತು. ಓಡಾಡಿ ಒದ್ದಾಡಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಚಿಕ್ಕ ಸ್ಟಾರ್ಟಪ್ಪಿನಲ್ಲಿ ಕೆಲಸ ಹಿಡಿದ. ಸಂಬಳ ಇಳಿಯಿತು, ವೀಸಾ ಕಾಗದಗಳು ಹೊಸದಾಗಿ ಶುರುವಾದವು. ರೈಲು ಹತ್ತಿರವಿದ್ದು ಬಾಡಿಗೆ ಕಡಿಮೆಯಿರುವ ಜಾಗ ಹುಡುಕಿಕೊಂಡು ಫೆಬ್ರವರಿಯ ಮಳೆಯಲ್ಲಿ ಓಕ್ಲ್ಯಾಂಡಿಗೆ ಬಂದೆವು. ಕನ್ನಡದ ಗೆಳತಿಯರಿಗೆ ವಿಳಾಸ ಕಳಿಸಿದರೆ ಒಬ್ಬಳು, "ಅಲ್ಲಿಗಾ? ಸೇಫಾ ಜಯಾ?" ಎಂದಳು. ಇನ್ನೊಬ್ಬಳು ಏನೂ ಅನ್ನಲಿಲ್ಲ, ಆ ವರ್ಷವಿಡೀ ನಮ್ಮ ಮನೆಗೆ ಬರಲೂ ಇಲ್ಲ. ಅವರನ್ನೇನು ಅನ್ನುವುದು, ನಾನೂ ಅದೇ ಸೀಮೆಯವಳು. ಮೊದಲ ವಾರ ಎದುರಿಗೆ ಯಾರು ಬಂದರೂ ಕೈಚೀಲವನ್ನು ಕಂಕುಳಿಗೆ ಒತ್ತಿಕೊಳ್ಳುತ್ತಿದ್ದೆ.

ಎಂಟು ಅಪಾರ್ಟ್‌ಮೆಂಟುಗಳ ಎರಡಂತಸ್ತಿನ ಕಟ್ಟಡ ಅದು. ನಮ್ಮ ಅಡುಗೆಮನೆ ಕಿಟಕಿ, ಪಕ್ಕದವರ ಅಡುಗೆಮನೆ ಕಿಟಕಿ ಎರಡೂ ಒಂದೇ ಮೊಗಸಾಲೆಗೆ ತೆರೆಯುತ್ತಿದ್ದವು. ಫುಟ್‌ಪಾತಿನಲ್ಲಿ ಯಾರೋ ಬಿಸಾಕಿದ ಹಾಸಿಗೆ ತಿಂಗಳುಗಟ್ಟಲೆ ನೆನೆಯುತ್ತಿತ್ತು, ಅದರ ಪಕ್ಕದಲ್ಲೇ ತಳ್ಳುಗಾಡಿಯವನು ಮಾವಿನಹಣ್ಣು ಹೆಚ್ಚಿ ಉಪ್ಪು, ಖಾರದಪುಡಿ, ನಿಂಬೆರಸ ಹಾಕಿ ಮಾರುತ್ತಿದ್ದ. ಮಂಡ್ಯದಲ್ಲಿ ಸ್ಕೂಲಿನ ಗೇಟಿನ ಮುಂದೆ ಬೆಳೆದ ನಾಲಿಗೆಗೆ ಇದಕ್ಕಿಂತ ಸುಖ ಏನು ಬೇಕು. ಒಂದು ಬೆಳಿಗ್ಗೆ ನೋಡುತ್ತೇನೆ, ಪಕ್ಕದ ಮನೆಯಾಕೆ ಬೇಲಿಯ ಪಾಪಸುಕಳ್ಳಿಯನ್ನು ಕೊಯ್ದು, ಮುಳ್ಳು ಹೆರೆದು, ಹೆಚ್ಚಿ ಪಲ್ಯ ಮಾಡುತ್ತಿದ್ದಾಳೆ. ನಮ್ಮ ಕಡೆ ಪಾಪಸುಕಳ್ಳಿಗೆ ದನವೂ ಬಾಯಿ ಹಾಕುವುದಿಲ್ಲ. ಅಯ್ಯೋ ಪಾಪ, ತರಕಾರಿಗೂ ಗತಿಯಿಲ್ಲವೇನೋ ಎಂದುಕೊಂಡು ಒಂದು ಡಬ್ಬಿ ಹುಳಿ ಅನ್ನ ಕೊಟ್ಟುಬಂದೆ. ಸಂಜೆ ಅದೇ ಡಬ್ಬಿಯಲ್ಲಿ ಆ ಪಲ್ಯ ವಾಪಸು ಬಂತು. ಹುರುಳಿಕಾಯಿಗೂ ಬೆಂಡೆಕಾಯಿಗೂ ನಡುವಿನ ರುಚಿ. ಡಬ್ಬಿ ಬಳಿದು ತಿಂದೆವು.

ಆಕೆಯೇ ಲೂಪೆ, ಮೆಕ್ಸಿಕೋದವಳು. ಗುಡ್ಡದ ಮೇಲಿನ ದೊಡ್ಡ ಮನೆಗಳನ್ನು ಕ್ಲೀನು ಮಾಡಲು ಹೋಗುತ್ತಿದ್ದಳು. ಅವರ ಸ್ಪ್ಯಾನಿಷಿನಲ್ಲಿ ಜೆ ಅಕ್ಷರವನ್ನು ಹ ಎಂದು ಓದುವುದರಿಂದ ಜಯಾ ಎಂಬ ನನ್ನನ್ನು ಕೊನೆಯವರೆಗೂ "ಹಯಾ" ಎಂದೇ ಕರೆದಳು. ಅವಳ ಒಬ್ಬಳೇ ಮಗಳು ಯೆಸೆನಿಯಾ, ಎಲ್ಲರ ಬಾಯಲ್ಲಿ ಯೆಸ್ಸಿ. ಹದಿನಾಲ್ಕು ವರ್ಷ, ಒಂಬತ್ತನೇ ಕ್ಲಾಸು, ಉದ್ದ ಜಡೆ. ಅಮ್ಮನ ಇಂಗ್ಲಿಷೆಲ್ಲ ಅವಳ ಬಾಯಲ್ಲಿತ್ತು. ಕ್ಲಿನಿಕ್ಕಿನಲ್ಲಿ ಅಮ್ಮನ ಹೊಟ್ಟೆನೋವನ್ನು ಡಾಕ್ಟರಿಗೆ ಹೇಳುವವಳೂ ಅವಳೇ, ಡಾಕ್ಟರು ಹೇಳಿದ್ದನ್ನು ಸ್ವಲ್ಪ ಮೆತ್ತಗೆ ಮಾಡಿ ಅಮ್ಮನಿಗೆ ಹೇಳುವವಳೂ ಅವಳೇ. ನನ್ನನ್ನು ಮಿಸ್ ಎನ್ನುತ್ತಿದ್ದಳು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಆದರೆ ನೆನಪಿನಲ್ಲಿ ಅದೆಲ್ಲ ಯಾವಾಗಲೋ ಕನ್ನಡವಾಗಿಬಿಟ್ಟಿದೆ, ಹಾಗೇ ಬರೆಯುತ್ತೇನೆ.

ಮಾರ್ಚಿನಲ್ಲಿ ಒಂದು ದಿನ ಲೂಪೆ ಮೊಗಸಾಲೆಯಲ್ಲಿ ನನ್ನ ಕೈ ಹಿಡಿದು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ನನ್ನ ಮಗಳು, ಈಗ ಹೆಂಗಸು. ದೊಡ್ಡ ಹಬ್ಬ ಮಾಡ್ತೀವಿ," ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ಇನ್ನೇನು ಹೊಳೆಯಬೇಕು? ಹುಡುಗಿ ದೊಡ್ಡವಳಾಗಿದ್ದಾಳೆ, ಒಸಗೆ ಮಾಡುತ್ತಾರೆ ಎಂದುಕೊಂಡೆ. ಮನೆಗೆ ಓಡಿ ಎಳ್ಳು ಹುರಿದೆ, ಬೆಲ್ಲ ಹಾಕಿ ಕುಟ್ಟಿ ಚಿಗಳಿ ಕಟ್ಟಿದೆ. ಒಣಕೊಬ್ಬರಿ ಗಿಟುಕು, ಅರಿಶಿನ, ಕುಂಕುಮ, ಆರತಿ ತಟ್ಟೆ ಹಿಡಿದು ಅವರ ಬಾಗಿಲು ತಟ್ಟಿದೆ. ಯೆಸ್ಸಿಯನ್ನು ಕುರ್ಚಿಯಲ್ಲಿ ಕೂರಿಸಿ ಹಣೆಗೆ ಕುಂಕುಮ ಇಟ್ಟು, ಬಾಯಿಗೆ ಚಿಗಳಿ ತುರುಕಿ, "ನಾಚ್ಕೋಬೇಡ, ಎಲ್ಲ ಹೆಣ್ಣುಮಕ್ಕಳಿಗೂ ಆಗೋದೇ. ಸೊಂಟ ಗಟ್ಟಿಯಾಗ್ಬೇಕು, ದಿನಾ ಎಳ್ಳು ತಿನ್ನು," ಎಂದು ಬುದ್ಧಿ ಹೇಳಿದೆ. ಆಮೇಲೆ ಲೂಪೆಯ ಕಡೆ ತಿರುಗಿ, "ನಿನ್ನ ಅಣ್ಣ ತಮ್ಮ ಯಾರಾದ್ರೂ ಇದ್ದಾರಾ? ಸೋದರಮಾವ ಬಂದು ಹಸಿರು ಗುಡ್ಲು ಹಾಕ್ಬೇಕಲ್ಲ," ಎಂದೆ.

ಯೆಸ್ಸಿ ಚಿಗಳಿ ನುಂಗಿ, ನನ್ನನ್ನೂ ಆರತಿ ತಟ್ಟೆಯನ್ನೂ ನೋಡಿದಳು. "ಮಿಸ್, ಅದು ನನಗೆ ಆರನೇ ಕ್ಲಾಸಲ್ಲೇ ಆಯ್ತು," ಎಂದಳು. "ಇದು ಹದಿನೈದು ತುಂಬೋ ಹಬ್ಬ. ನವೆಂಬರಲ್ಲಿ." ಅಮ್ಮನಿಗೆ ಅದನ್ನು ಸ್ಪ್ಯಾನಿಷಿನಲ್ಲಿ ಹೇಳಿದ್ದೇ ಲೂಪೆ ನಕ್ಕೂ ನಕ್ಕೂ ನೆಲಕ್ಕೆ ಕೂತಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಯೆಸ್ಸಿ ಇನ್ನೊಂದು ಚಿಗಳಿ ತೆಗೆದುಕೊಂಡು, "ಸೋದರಮಾವ ಏನು ಮಾಡ್ತಾರೆ ಅಂದ್ರಿ?" ಎಂದು ಕೇಳಿದಳು. ನಾನು ಅವಮಾನ ಮರೆಯಲು ಅದನ್ನೆಲ್ಲ ವಿವರವಾಗಿ ಹೇಳಿದೆ. ನಮ್ಮಲ್ಲಿ ಹೆಣ್ಣುಮಗು ದೊಡ್ಡದಾದಾಗ ಮುಂದೆ ನಿಲ್ಲುವವನು ಅಪ್ಪನಲ್ಲ, ತಾಯಿಯ ಅಣ್ಣನೋ ತಮ್ಮನೋ ಎಂದೆ. ಅವಳು ಬಹಳ ಗಮನವಿಟ್ಟು ಕೇಳಿದಳು. ಆ ಗಮನ ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಚಿಗಳಿಗಾಗಿಯೇ ಬರತೊಡಗಿದಳು. ಭಾನುವಾರ ಹತ್ತು ಗಂಟೆಗೆ ತಪ್ಪದೆ ಬರುತ್ತಿದ್ದಳು, ಯಾಕೆಂದರೆ ಆ ಹೊತ್ತಿಗೆ ಮೆಕ್ಸಿಕೋದಿಂದ ಅವಳ ಅಪ್ಪ ರಮೋನನ ವಿಡಿಯೋ ಕಾಲು ಅವರ ಮನೆಗೆ ಬರುತ್ತಿತ್ತು, ಅವಳಿಗೆ ಅದು ಬೇಡವಾಗಿತ್ತು. ಎರಡು ವರ್ಷದ ಹಿಂದೆ ತನ್ನ ತಾಯಿಗೆ ಸೀರಿಯಸ್ಸೆಂದು ಸುದ್ದಿ ಬಂದಾಗ ಅವನು ಊರಿಗೆ ಹೋಗಿದ್ದ. ಅವನ ಹತ್ತಿರ ಇಲ್ಲಿನ ಕಾಗದಪತ್ರ ಇರಲಿಲ್ಲ. ಹೋಗುವುದು ಅವನ ಕೈಯಲ್ಲಿತ್ತು, ಬರುವುದು ಇರಲಿಲ್ಲ. ತಾಯಿ ಹೋದಳು, ಅವನು ಅಲ್ಲೇ ಉಳಿದ. ಅವನದು ಲೆಯೋನ್ ಎಂಬ ಊರು, ಊರಿಗೆ ಊರೇ ಶೂ ಮಾಡುವ ಕಸುಬಿನದು. ಓಕ್ಲ್ಯಾಂಡಿನಲ್ಲಿ ಮನೆಗಳ ಛಾವಣಿ ಹಾಕುತ್ತಿದ್ದವನು ಮತ್ತೆ ಅಲ್ಲಿ ಸೋದರಸಂಬಂಧಿಯ ಅಂಗಡಿಯಲ್ಲಿ ಶೂ ಹೊಲಿಯಲು ಕೂತಿದ್ದ. ಅವನು ಹೋದಾಗಿನಿಂದ ಯೆಸ್ಸಿ ಅಪ್ಪನ ಜೊತೆ ಒಂದು ಮಾತೂ ಆಡಿರಲಿಲ್ಲ.

"ತಾಯಿ ಸಾಯೋ ಹೊತ್ತಲ್ಲಿ ಮಗ ಹೋಗ್ದೆ ಇರ್ತಾನೇನಮ್ಮ?" ಎಂದು ಒಂದು ಸಲ ಕೇಳಿದೆ.

"ಹೋಗಿದ್ದಕ್ಕಲ್ಲ ಮಿಸ್," ಎಂದಳು. "ಎರಡೇ ವಾರ ಅಂದ್ರು. ಹೊರಡೋ ಹಿಂದಿನ ದಿನ ನನ್ನನ್ನ ಒಂದು ರಟ್ಟಿನ ಮೇಲೆ ನಿಲ್ಲಿಸಿ, ಕಾಲಿನ ಸುತ್ತ ಪೆನ್ಸಿಲಲ್ಲಿ ಗೆರೆ ಎಳ್ಕೊಂಡ್ರು. ಕಚಗುಳಿ ಆಗಿ ನಾನು ನಗ್ತಾ ಇದ್ದೆ. ಎರಡು ವಾರಕ್ಕೆ ಹೋಗೋರು ಮಗಳ ಕಾಲಿನ ಅಳತೆ ಯಾಕೆ ತಗೊಂಡು ಹೋಗ್ತಾರೆ? ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದ್ರು." ನಾನು ಅವಳ ತಟ್ಟೆಗೆ ಇನ್ನೊಂದು ಚಿಗಳಿ ಹಾಕಿದೆ.

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನನ್ನದೂ ಒಂದು ವಿಡಿಯೋ ಕಾಲು ಇರುತ್ತಿತ್ತು, ಮಂಡ್ಯಕ್ಕೆ. ಅಪ್ಪ ಅಣ್ಣನ ಮನೆಯಲ್ಲಿದ್ದರು. ಅಣ್ಣ ಫೋನು ಹಿಡಿಯುವನು, ಅಪ್ಪನ ಮುಖ ಪರದೆ ತುಂಬ ಕಾಣುವುದು. "ಮಗಾ, ಊಟ ಆಯ್ತಾ? ಅನ್ವಿ ಏನ್ಮಾಡ್ತಾವ್ಳೆ?" ಎನ್ನುವರು. ಜುಲೈ ಹೊತ್ತಿಗೆ ಮುಖ ಸ್ವಲ್ಪ ಬಾಡಿದಂತಿತ್ತು. "ಅಪ್ಪ ಹೇಗಿದ್ದಾರೆ ಅಣ್ಣ?" ಎಂದರೆ, "ಚೆನ್ನಾಗವ್ರೆ ಕಣವ್ವ, ವಯಸ್ಸಾಯ್ತಲ್ಲ," ಎನ್ನುವನು. ಸೆಪ್ಟೆಂಬರಿನಲ್ಲಿ ಗೌರಿ ಹಬ್ಬಕ್ಕೆ ಯಾರದೋ ಕೈಲಿ ತವರಿನ ಬಾಗಿನ ಬಂತು. ಅದರಲ್ಲೊಂದು ಗಿಳಿಹಸಿರು ರೇಷ್ಮೆ ರವಿಕೆ ಕಣ. ಅಪ್ಪನೇ ಪೇಟೆಬೀದಿಗೆ ಹೋಗಿ ಆರಿಸಿದ್ದು ಎಂದ ಅಣ್ಣ. ಅದನ್ನು ನಾನು ಹೊಲಿಸದೆ ದಿಂಬಿನ ಪಕ್ಕದಲ್ಲಿಟ್ಟುಕೊಂಡಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಹಬ್ಬದ ತಯಾರಿ ಕಾವೇರಿತ್ತು. ಅವರಲ್ಲಿ ಹದಿನೈದರ ಹಬ್ಬದ ಒಂದೊಂದು ವಸ್ತುವಿಗೂ ಅದರ ಹೊಣೆ ಹೊರುವ ಒಬ್ಬೊಬ್ಬ ಧರ್ಮತಾಯಿ. ಕೇಕಿಗೆ ಒಬ್ಬಳು, ಕಿರೀಟಕ್ಕೆ ಒಬ್ಬಳು, ಹೂವಿಗೆ ಒಬ್ಬಳು. ಹಬ್ಬದ ಮುಖ್ಯ ಘಟ್ಟದಲ್ಲಿ ಅಪ್ಪ ಮಗಳ ಮುಂದೆ ಮಂಡಿಯೂರಿ, ಅವಳ ಕಾಲಿನಿಂದ ಚಿಕ್ಕ ಹುಡುಗಿಯರ ಚಪ್ಪಲಿ ಬಿಚ್ಚಿ, ಎತ್ತರ ಹಿಮ್ಮಡಿಯ ಶೂ ತೊಡಿಸುತ್ತಾನೆ. ಆ ಶೂ ಇಟ್ಟು ತರುವ ದಿಂಬಿಗೆ ಲೂಪೆ ನನ್ನನ್ನು ಧರ್ಮತಾಯಿ ಮಾಡಿದಳು. ಅಂಥ ಗೌರವ ಆ ದೇಶದಲ್ಲಿ ನನಗೆ ಇನ್ಯಾರೂ ಕೊಟ್ಟಿಲ್ಲ.

ರಮೋನನಿಲ್ಲವಲ್ಲ, ಶೂ ಯಾರು ತೊಡಿಸುತ್ತಾರೆ ಎಂದು ನಾನು ಕೇಳುವ ಮೊದಲೇ ಒಂದು ಸಂಜೆ ಲೂಪೆ ಒಬ್ಬಳೇ ಬಂದಳು. ನಗುಮುಖದವಳ ಮುಖ ಬಿಗಿದಿತ್ತು. ಮಗಳನ್ನು ದುಭಾಷಿಯಾಗಿ ಕರೆತರಲಾಗದ ಮಾತು ಅದು. ತನ್ನ ಫೋನಿಗೆ ಸ್ಪ್ಯಾನಿಷಿನಲ್ಲಿ ಹೇಳಿ ನನ್ನ ಮುಂದೆ ಹಿಡಿದಳು. ಫೋನಿನೊಳಗಿನ ಹೆಣ್ಣುದನಿ ಇಂಗ್ಲಿಷಿನಲ್ಲಿ ಓದಿತು: "ಅಪ್ಪ ಬೇಡ, ಮಾವ ಸಾಕು, ಅದೇ ಸರಿಯಾದ ಪದ್ಧತಿ ಅಂತ ನನ್ನ ಮಗಳು ಹೇಳುತ್ತಿದ್ದಾಳೆ. ನೀನು ಹೇಳಿಕೊಟ್ಟೆಯಂತೆ. ರಮೋನ್ ಫೋನಿನಲ್ಲಿ ಕೂಡ ನೋಡಬಾರದಂತೆ. ಹಯಾ, ನನ್ನ ಮಗಳ ತಂದೆ ಸತ್ತಿಲ್ಲ."

ತಪ್ಪು ತಿಳಿದು ಹೋಗಿ, ತಪ್ಪು ಮುಚ್ಚಿಕೊಳ್ಳಲು ಆಡಿದ ನನ್ನ ಮಾತನ್ನು ಹುಡುಗಿ ಆರು ತಿಂಗಳು ಜೋಪಾನವಾಗಿಟ್ಟು ಅಪ್ಪನ ಮೇಲೆ ಕತ್ತಿಯಂತೆ ಎತ್ತಿದ್ದಳು. ಲೂಪೆಯ ತಮ್ಮ ಚಾವಾ ಮೊಡೆಸ್ಟೋ ಎಂಬ ಊರಿನಿಂದ ಬರುತ್ತಾನೆ, ಅವನೇ ಮಂಡಿಯೂರಲಿ ಎಂದು ತೀರ್ಮಾನವೂ ಆಗಿತ್ತು. ನಾನು ಯೆಸ್ಸಿಯನ್ನು ಕರೆದು ಸಮಜಾಯಿಷಿ ಕೊಟ್ಟೆ. ನಮ್ಮಲ್ಲಿ ಮಾವ ಮುಂದೆ ನಿಂತರೂ ಅಪ್ಪ ಹಿಂದೆ ನಿಂತಿರುತ್ತಾರೆ ಎಂದೆ. ಅವಳು, "ನನ್ನಪ್ಪ ಹಿಂದೇನೂ ಇಲ್ವಲ್ಲ ಮಿಸ್," ಎಂದು ಎದ್ದುಹೋದಳು.

ಅಕ್ಟೋಬರಿನ ಮೊದಲ ವಾರ ಅಪ್ಪ ಆಸ್ಪತ್ರೆ ಸೇರಿದರು. ಸಣ್ಣ ಜ್ವರ, ಬರುವುದೇನೂ ಬೇಡ ಎಂದ ಅಣ್ಣ. ಆದರೂ ಲಾಯರನ್ನು ಕೇಳಿದೆವು. ನಮ್ಮ ವೀಸಾ ಅರ್ಜಿ ಪೆಂಡಿಂಗು ಇರುವಾಗ ದೇಶ ಬಿಟ್ಟರೆ ಅದು ಬಿದ್ದುಹೋಗುತ್ತದೆ, ವಾಪಸು ಬರಲು ವೀಸಾ ಯಾವಾಗ ಸಿಗುತ್ತದೋ ಹೇಳಲಾಗುವುದಿಲ್ಲ, ತಿಂಗಳುಗಟ್ಟಲೆ ಆಗಬಹುದು ಎಂದರು. ಅನ್ವಿಯನ್ನು ನೋಡಿದೆ. ಹೊಸ ಕೆಲಸದಲ್ಲಿ ಕಾಲೂರದ ಮಧುವನ್ನು ನೋಡಿದೆ. ಸಣ್ಣ ಜ್ವರ ತಾನೇ ಎಂದುಕೊಂಡೆ. ನಾಲ್ಕನೇ ದಿನ ಅಡುಗೆಮನೆಯಲ್ಲಿ ಯೆಸ್ಸಿ ಲೆಕ್ಕದ ಹೋಂವರ್ಕು ಮಾಡುತ್ತಿದ್ದಾಗ ಫೋನು ಬಂತು. ಅಣ್ಣ ಬರೀ ಅತ್ತ. ಮಣ್ಣು ಮಾಡುವುದನ್ನು ನಾನು ಫೋನಿನಲ್ಲಿ ನೋಡಿದೆ. ಅಲ್ಲೂ ಅಪ್ಪನ ಮುಖವಷ್ಟೇ ಕಂಡಿತು.

ತಿಥಿಯ ಮಾರನೆಯ ದಿನ ಅತ್ತಿಗೆ ಫೋನು ಮಾಡಿ ಮಾತಿನ ನಡುವೆ ಬಾಯಿಬಿಟ್ಟರು. "ಕಾಲು ಊದ್ಕೊಂಡು ಎಲ್ಡು ತಿಂಗ್ಳಿಂದ ಹಾಸಿಗೆ ಬಿಟ್ಟೆದ್ದಿರ್ನಿಲ್ಲ ಕಣವ್ವ. ನಿಂಗೆ ಯೋಳ್ಬ್ಯಾಡ, ಮುಖ ಮಾತ್ರ ತೋರ್ಸು ಅಂತ ಮಾವ್ನೋರೇ ಅಂದಿದ್ರು. ನಿಮ್ಮಣ್ಣ ಹಂಗೇ ಹಿಡ್ಕೋತಿದ್ರು." ಹಾಗಾದರೆ ರವಿಕೆ ಕಣ ಎಂದೆ. ಅದನ್ನೂ ಅಣ್ಣನೇ ತಂದಿದ್ದ. ಫೋನಿಟ್ಟೆ. ಅಣ್ಣನ ಜೊತೆ ಮಾತು ಬಿಟ್ಟೆ. ಹೇಳಿದ್ದರೆ ಹೋಗುತ್ತಿದ್ದೆ, ಅಪ್ಪನ ಕಾಲು ಒತ್ತುತ್ತಿದ್ದೆ, ಎಲ್ಲ ಅವನೇ ತಪ್ಪಿಸಿದ ಎಂದು ಮಧುವಿನ ಮುಂದೆ ಕೂಗಾಡಿದೆ. ನಿಜವಾಗಿ ಹೋಗುತ್ತಿದ್ದೆನೇ? ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಅಷ್ಟು ಜೋರಾಗಿ ಕೂಗಿದೆ.

ಅದಾದ ಮೇಲೆ ಯೆಸ್ಸಿ ದಿನವೂ ಬರತೊಡಗಿದಳು. ಪಾತ್ರೆ ತೊಳೆಯುವಳು, ಅನ್ವಿಗೆ ಜಡೆ ಹಾಕುವಳು. ಒಂದು ದಿನ ನನ್ನ ಬೆನ್ನ ಹಿಂದೆ ನಿಂತು, "ನೀವು ಹೋಗ್ಲಿಲ್ಲ ಮಿಸ್. ಮಗಳನ್ನ ಬಿಟ್ಟು ಹೋಗ್ಲಿಲ್ಲ. ನೀವು ಒಳ್ಳೆ ಅಮ್ಮ," ಎಂದಳು. ಸಮಾಧಾನಕ್ಕೆ ಆಡಿದ ಮಾತು. ನನಗೆ ಕೆನ್ನೆಗೆ ಹೊಡೆದಂತಾಯಿತು.

"ನೋಡು," ಎಂದೆ, "ನಾನು ಒಳ್ಳೆಯವಳಾಗಿದ್ದಕ್ಕೆ ಉಳೀಲಿಲ್ಲ. ನನಗೆ ಹೆದರಿಕೆ ಆಯ್ತು. ಕಾಗದ ಬಿದ್ದುಹೋಗುತ್ತೆ ಅಂತ ಹೆದರಿ ಉಳ್ಕೊಂಡೆ. ನಿಮ್ಮಪ್ಪನ ಹತ್ರ ಬೀಳಕ್ಕೆ ಕಾಗದಾನೂ ಇರ್ಲಿಲ್ಲ, ಆದ್ರೂ ಹೋದ್ರು. ಅವರಮ್ಮನ ಕೈ ಹಿಡ್ಕೊಂಡು ಕೂತ್ರು. ಇವತ್ತು ಯಾರಾದ್ರೂ ಬಂದು ಬದಲಾಯಿಸಿಕೊಳ್ತೀಯಾ ಅಂದ್ರೆ ನಾನು ನಿಮ್ಮಪ್ಪನ ಜಾಗಕ್ಕೆ ಹೋಗ್ತೀನಿ."

"ಅನ್ವಿನ ಬಿಟ್ಟಾ?"

ಸಿಂಕಿನ ನಲ್ಲಿ ಸುರಿಯುತ್ತಲೇ ಇತ್ತು. ಯೆಸ್ಸಿ ಬಂದು ನಿಲ್ಲಿಸಿದಳು, ನನ್ನ ಭುಜಕ್ಕೆ ಹಣೆ ಇಟ್ಟು ಸ್ವಲ್ಪ ಹೊತ್ತು ನಿಂತಳು, ಪುಸ್ತಕ ಎತ್ತಿಕೊಂಡು ಹೋದಳು.

ಹಬ್ಬಕ್ಕೆ ಒಂದು ವಾರವಿದ್ದಾಗ ಲೆಯೋನಿನಿಂದ ಬಂದ ಯಾರದೋ ಕೈಲಿ ಒಂದು ಪೆಟ್ಟಿಗೆ ಬಂತು, ನಮ್ಮವರು ಊರಿಂದ ಬರುವವರ ಕೈಲಿ ಹುಳಿಪುಡಿ ಕಳಿಸುವ ಹಾಗೆ. ಯೆಸ್ಸಿ ನೋಡಿದರೆ ಕಸದ ಡಬ್ಬಿಗೆ ಹಾಕುತ್ತಾಳೆಂದು ಲೂಪೆ ಅದನ್ನು ನೇರ ನಮ್ಮ ಮನೆಗೆ ತಂದು ಬಿಚ್ಚಿದಳು. ಬಿಳಿ ಸ್ಯಾಟಿನ್ನಿನ ಶೂ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಹೂಗಳನ್ನು ಕೈಯಲ್ಲೇ ಹೊಲಿದಿದ್ದ. ಶೂಗಳ ಕೆಳಗೆ ಆ ರಟ್ಟು, ಅದರ ಮೇಲೆ ಪೆನ್ಸಿಲಿನ ಪಾದ. ಲೂಪೆ ಶೂ ಒಳಗೆ ಅಂಗೈ ಇಟ್ಟು ನೋಡಿ, ಬಾಯಿಗೆ ಸೆರಗಿನಂತೆ ಏಪ್ರನ್ನು ಒತ್ತಿಕೊಂಡು ಅತ್ತಳು. ಎರಡು ವರ್ಷದಲ್ಲಿ ಮಗಳ ಕಾಲು ಬೆಳೆದಿರುತ್ತದೆಂದು ಶೂ ಹೊಲಿಯುವವನಿಗೇ ಹೊಳೆದಿರಲಿಲ್ಲ. ಅವಳು ಅಂಗಡಿಯಿಂದ ಬೇರೆ ಶೂ ತಂದಳು. ಪೆಟ್ಟಿಗೆಯನ್ನು ನಾನು ರಾಗಿಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ.

ದಿಂಬಿಗೆ ಹೊದಿಕೆ ಹೊಲಿಯಲು ನನಗೆ ಬೇರೆ ಬಟ್ಟೆ ಮನಸ್ಸಿಗೆ ಬರಲಿಲ್ಲ. ಗಿಳಿಹಸಿರು ರವಿಕೆ ಕಣ ತೆಗೆದೆ. ಸುಳ್ಳು ಹೇಳಿ ಕಳಿಸಿದ್ದಾದರೂ ತವರಿನದೇ ತಾನೇ.

ಶನಿವಾರ ಬೆಳಿಗ್ಗೆ ಸಣ್ಣ ಮಳೆ. ಪಕ್ಕದ ಮನೆಯಲ್ಲಿ ಲೂಪೆ ಗೊಜ್ಜಿಗೆ ಎಳ್ಳು, ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಮೊಗಸಾಲೆಯೆಲ್ಲ ನಮ್ಮ ಸಂಕ್ರಾಂತಿಯ ವಾಸನೆ. ಯೆಸ್ಸಿ ಬಂದಳು. ತಲೆ ತುಂಬ ಪಿನ್ನು, ಮೈಮೇಲೆ ಹಳೇ ಟೀಶರ್ಟು. "ಮಿಸ್, ಆ ಪೆಟ್ಟಿಗೆ ನಿಮ್ಮ ಹತ್ರ ಇದೆ ಅಲ್ವಾ? ಅಮ್ಮನಿಗೆ ಏನನ್ನೂ ಬಚ್ಚಿಡಕ್ಕೆ ಬರಲ್ಲ."

ಡಬ್ಬಿ ಸರಿಸಿ ಕೊಟ್ಟೆ. ಶೂ ಕಡೆ ಅವಳು ನೋಡಲಿಲ್ಲ. ರಟ್ಟನ್ನು ಎತ್ತಿ ನೆಲದ ಮೇಲಿಟ್ಟು, ಚಪ್ಪಲಿ ಬಿಟ್ಟು, ಆ ಗೆರೆಯೊಳಗೆ ಕಾಲಿಟ್ಟು ನಿಂತಳು. ಹಿಮ್ಮಡಿ ಸರಿಯಾಗಿ ಕೂತಿತು. ಬೆರಳುಗಳೆಲ್ಲ ಗೆರೆ ದಾಟಿ ಹೊರಗಿದ್ದವು. ಬಗ್ಗಿ ನೋಡುತ್ತಲೇ ನಿಂತಳು. ಅಂಚಿನಲ್ಲಿ ಬೆರಳಿನ ಜಿಡ್ಡು ಹತ್ತಿ ರಟ್ಟು ಕಪ್ಪಾಗಿತ್ತು, ಎಷ್ಟು ಸಲ ಕೈಗೆತ್ತಿಕೊಂಡಿದ್ದನೋ. "ನನ್ನ ಕಾಲು ಇಷ್ಟೇ ಇದೆ ಅಂದ್ಕೊಂಡಿದ್ದಾರೆ," ಎಂದಳು. ಅಳುತ್ತಾಳೇನೋ ಎಂದುಕೊಂಡೆ, ಅಳಲಿಲ್ಲ. ಶೂ ಎರಡನ್ನೂ ಒರೆಸಿ, ನನ್ನ ಹಸಿರು ದಿಂಬಿನ ಮೇಲೆ ತಾನೇ ಜೋಡಿಸಿಟ್ಟಳು. "ಶೂ ತೊಡಿಸೋವಾಗ ಫೋನು ನೀವೇ ಹಿಡ್ಕೊಳ್ಳಿ ಮಿಸ್. ಮುಂದಿನಿಂದ ಮಾತ್ರ ತೋರಿಸಿ."

ಚರ್ಚಿನ ಹಿಂದಿನ ಹಾಲು. ಕಾಗದದ ಹೂವು, ಮಡಚುವ ಕುರ್ಚಿಗಳು, ಬೀದಿಯ ಅರ್ಧ ಜನ. ಆಕಾಶನೀಲಿ ಗೌನಿನಲ್ಲಿ ಯೆಸ್ಸಿ ನಡುವೆ ಕೂತಳು. ನಾನು ರೇಷ್ಮೆ ಸೀರೆಯಲ್ಲಿ ದಿಂಬು ಹೊತ್ತು ನಡೆದೆ. ಮಾವ ಚಾವಾ ಮಂಡಿಯೂರಿದ. ದಿಂಬು ಕೆಳಗಿಟ್ಟು ಲೂಪೆಯ ಫೋನು ತೆಗೆದುಕೊಂಡೆ. ಪರದೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಶೂ ಅಚ್ಚುಗಳ ಸಾಲಿನ ಮುಂದೆ ರಮೋನ್ ಕೂತಿದ್ದ. ಮಗಳು ತನ್ನ ಕಡೆ ನೋಡುತ್ತಿದ್ದಾಳೆಂದು ಅವನಿಗೆ ನಂಬಿಕೆ ಬಂದಂತಿರಲಿಲ್ಲ.

ಚಾವಾ ಶೂ ತೊಡಿಸಿದ. ಯೆಸ್ಸಿ ಬೆರಳುಗಳನ್ನು ಮುದುಡಿ ಒಳಗೆ ತುರುಕಿದಳು. ಹಿಮ್ಮಡಿ ಎರಡು ಬೆರಳಿನಷ್ಟು ಹೊರಗೇ ಉಳಿಯಿತು. ಗೌನಿನ ಅಂಚನ್ನು ಹಿಂದಕ್ಕೆ ಇಳಿಬಿಟ್ಟು, ಮಾವನ ತೋಳು ಹಿಡಿದು ಎದ್ದು ನಿಂತಳು. ನೋವಿಗೆ ಅವಳ ಕತ್ತಿನ ನರ ಬಿಗಿಯಿತು. ನಾನು ಫೋನನ್ನು ಬಗ್ಗಿಸಿ ಶೂವಿನ ಮುಂಭಾಗವನ್ನೂ, ಆ ಅಕ್ಕಿಕಾಳಿನ ಹೂಗಳನ್ನೂ ತೋರಿಸಿದೆ. ಅದಕ್ಕಿಂತ ಒಂದು ಎಳೆಯಷ್ಟೂ ಹಿಂದಕ್ಕೆ ಹೋಗಗೊಡಲಿಲ್ಲ.

ರಮೋನ್ ಏನೋ ಕೇಳಿದ. ನನಗಿದ್ದ ಒಂದು ಹಿಡಿ ಸ್ಪ್ಯಾನಿಷಿಗೂ ಅದು ಅರ್ಥವಾಯಿತು. ಸರಿಹೋಯಿತಾ ಎಂದು ಕೇಳಿದ್ದ.

"ಸರಿಯಾಗಿದೆ ಅಪ್ಪಾ," ಎಂದಳು ಯೆಸ್ಸಿ. ಎರಡು ವರ್ಷದ ಮೇಲೆ ಅಪ್ಪನಿಗೆ ಆಡಿದ ಮೊದಲ ಮಾತು. "ಅಳತೆ ಮಾಡಿ ಮಾಡಿದ ಹಾಗಿದೆ."

ಅವನು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಹಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ತೋಳು ಸೋಲುತ್ತಿತ್ತು, ಆದರೂ ಕೋನ ಬದಲಿಸಲಿಲ್ಲ. ಆಗ ಅಣ್ಣ ನೆನಪಾದ. ಹಾಸಿಗೆಯ ಪಕ್ಕ ನಿಂತು, ಊದಿದ ಕಾಲು ಕಾಣದ ಹಾಗೆ, ಅಪ್ಪನ ಮುಖವಷ್ಟೇ ತುಂಬುವ ಹಾಗೆ ಎಷ್ಟು ಭಾನುವಾರ ಹೀಗೇ ಕೈಯೆತ್ತಿ ಹಿಡಿದಿದ್ದನೋ. ಅವನ ತೋಳೂ ನೊಂದಿರಬೇಕು ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಜನವರಿಯಲ್ಲಿ ಕಟ್ಟಡ ರಿಪೇರಿಗೆಂದು ಎಲ್ಲರಿಗೂ ಮನೆ ಬಿಡುವಂತೆ ಕಾಗದ ಬಂತು. ಅದನ್ನು ಅಮ್ಮನಿಗೆ ಓದಿ ಹೇಳಿದವಳೂ ಯೆಸ್ಸಿಯೇ. ಅವರು ಮಾವನಿರುವ ಮೊಡೆಸ್ಟೋದ ಕಡೆ ಹೋದರು, ನಾವು ಇತ್ತ ಬಂದೆವು. ಸ್ವಲ್ಪ ದಿನ ಫೋಟೋಗಳು ಬಂದವು, ಆಮೇಲೆ ನಂಬರು ನಿಂತಿತು. ಮೊನ್ನೆ ಆ ಬೂದಿ ಬಣ್ಣದ ಗೋಡೆಯ ಮುಂದೆ ಕಾರಿನಲ್ಲಿ ಕೂತಾಗ ನೆನಪಾದದ್ದು ಅದೊಂದೂ ಅಲ್ಲ, ಹಬ್ಬದ ಮಾರನೆಯ ಬೆಳಿಗ್ಗೆ.

ಭಾನುವಾರ ಎಂಟು ಗಂಟೆ. ಗೋಡೆಯಾಚೆಯಿಂದ ಯೆಸ್ಸಿಯ ನಗು, ಅಪ್ಪನ ಜೊತೆ ಮಾತು ಕೇಳುತ್ತಿತ್ತು. ರಮೋನನಿಗೆ ಹತ್ತು ಗಂಟೆಯವರೆಗೂ ಕಾಯಲಾಗಿರಲಿಲ್ಲ. ನಾನು ಐದು ವಾರದ ಮೇಲೆ ಅಣ್ಣನಿಗೆ ವಿಡಿಯೋ ಕಾಲು ಮಾಡಿದೆ. ಒಂದೇ ರಿಂಗಿಗೆ ಎತ್ತಿದ. ತಲೆ ಬೋಳಿಸಿದ್ದ ಕಡೆ ಬಿಳಿ ಕೂದಲು ಹುಟ್ಟಿತ್ತು.

"ಊಟ ಆಯ್ತಾ ಅಣ್ಣ?" ಎಂದೆ.

"ಆಯ್ತು ಕಣವ್ವ. ನೀನು ಚೆನ್ನಾಗಿದ್ದೀಯಾ?"

ಅತ್ತೂ ಅತ್ತೂ ನನ್ನ ಕಣ್ಣು ಊದಿದ್ದವು. ಫೋನನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿ, ಮೊಗಸಾಲೆಯ ಬಿಸಿಲನ್ನೂ ಆಟವಾಡುತ್ತಿದ್ದ ಅನ್ವಿಯನ್ನೂ ತೋರಿಸುತ್ತ, "ಚೆನ್ನಾಗಿದ್ದೀನಿ ಅಣ್ಣ," ಎಂದೆ.